ಫ್ರಾಂಕೆನ್‌ಸ್ಟೈನ್ ಬರೆದ ಮೇರಿ

ಫ್ರಾಂಕೆನ್‌ಸ್ಟೈನ್ ಅಂದರೆ ಆ ರಾಕ್ಷಸನ ಹೆಸರು ಎಂದುಕೊಂಡಿದ್ದೆ. ಪುಸ್ತಕ ಓದಿದ ಮೇಲೆ ಗೊತ್ತಾಯಿತು, ಅದು ಅವನನ್ನು ಸೃಷ್ಟಿಸಿದ ವಿಕ್ಟರ್‌ನ ಹೆಸರು. ಪಾಪ, ರಾಕ್ಷಸನಿಗೆ ಹೆಸರೇ ಇಲ್ಲ.

ಲೇಖಕಿ ಮೇರಿ ಶೆಲ್ಲಿ 1797ರಲ್ಲಿ ಲಂಡನ್ನಿನಲ್ಲಿ ಹುಟ್ಟಿದರು. ಎರಡು ವಾರ ತುಂಬುವ ಮೊದಲೇ ತಾಯಿ ತೀರಿಕೊಂಡರು. ನನ್ನ ಈಗಿನ ವಯಸ್ಸಿನಲ್ಲಿ, ಹದಿನಾರಕ್ಕೆ, ಆಗಲೇ ಮದುವೆಯಾಗಿದ್ದ ಕವಿ ಪರ್ಸಿ ಶೆಲ್ಲಿಯ ಜೊತೆ ಮನೆ ಬಿಟ್ಟು ಹೋದರು. ತಂದೆ ಅವರ ಮುಖ ನೋಡಲೂ ಒಪ್ಪಲಿಲ್ಲ. 1815ರಲ್ಲಿ ಹುಟ್ಟಿದ ಮೊದಲ ಮಗು ಕೆಲವೇ ದಿನ ಬದುಕಿತು.

ಮರುವರ್ಷ ಜಿನೀವಾದಲ್ಲಿ ಬೇಸಿಗೆಯಲ್ಲೂ ಬಿಡದ ಮಳೆ. ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದದ್ದೇ ಅದಕ್ಕೆ ಕಾರಣವಂತೆ! ಹೊರಗೆ ಹೋಗಲಾಗದೆ ಕೂತಿದ್ದಾಗ ಕವಿ ಬೈರನ್, ಎಲ್ಲರೂ ಒಂದೊಂದು ದೆವ್ವದ ಕಥೆ ಬರೆಯೋಣ ಎಂದರು. ಮೇರಿಗೆ ಆಗ ಹದಿನೆಂಟು. 1818ರಲ್ಲಿ ಕಾದಂಬರಿ ಅಚ್ಚಾದಾಗ ಅವರ ಹೆಸರೇ ಇರಲಿಲ್ಲ. ಪರ್ಸಿಯೇ ಬರೆದಿರಬೇಕು ಎಂದುಕೊಂಡವರೂ ಇದ್ದರು.

ವಿಕ್ಟರ್‌ನದು ಅತಿಯಾಸೆ, ಅದಕ್ಕೇ ಅವನು ಹಾಳಾದ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಹಾಗನಿಸುವುದಿಲ್ಲ. ಸುಮಾರು ಎರಡು ವರ್ಷ ನಿದ್ದೆಗೆಟ್ಟು ಒಂದು ಜೀವ ಕೊಟ್ಟ. ಅದು ಕಣ್ಣು ಬಿಟ್ಟ ಕೂಡಲೇ ಹೆದರಿ ಓಡಿಹೋದ. ಅವನ ತಪ್ಪು ಆ ಓಟ. ಮಗುವನ್ನು ಕಳೆದುಕೊಂಡ ತಾಯಿ ಬರೆದ ಕಥೆ ಇದು ಎನ್ನುವುದನ್ನು ನಾವು ಮರೆಯುತ್ತೇವೆ.

ಆಮೇಲೆ ಇಟಲಿಯಲ್ಲಿ ಇನ್ನೂ ಎರಡು ಮಕ್ಕಳು ಸತ್ತರು. 1822ರಲ್ಲಿ ಪರ್ಸಿ ಸಮುದ್ರದಲ್ಲಿ ಮುಳುಗಿದರು. ಉಳಿದವನು ಒಬ್ಬನೇ ಮಗ. ಇಂಗ್ಲೆಂಡಿಗೆ ಮರಳಿ, ಬರೆದು ಬರೆದು ಅವನನ್ನು ಓದಿಸಿದರು. 1851ರಲ್ಲಿ ಕಣ್ಣು ಮುಚ್ಚುವವರೆಗೂ ಅವನ ಜೊತೆಯಲ್ಲೇ ಇದ್ದರು.