ಸುಬ್ರಹ್ಮಣ್ಯನ್ ಚಂದ್ರಶೇಖರರು

ನಮ್ಮ ಈ ಮುಂಬಯಿಯ ಬಂದರಿನಿಂದ ೧೯೩೦ನೆಯ ಇಸವಿ ಜುಲೈ ೩೧ರಂದು ಇಂಗ್ಲೆಂಡಿಗೆ ಹಡಗು ಹತ್ತಿದವರಲ್ಲಿ ಹತ್ತೊಂಬತ್ತು ವರ್ಷದ ತರುಣರೊಬ್ಬರಿದ್ದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದು ಮುಗಿಸಿ, ಸರ್ಕಾರದ ವಿದ್ಯಾರ್ಥಿವೇತನದಿಂದ ಕೇಂಬ್ರಿಜ್ಜಿಗೆ ಹೊರಟಿದ್ದ ಸುಬ್ರಹ್ಮಣ್ಯನ್ ಚಂದ್ರಶೇಖರರೇ ಅವರು. ಜನನ ೧೯೧೦ರ ಅಕ್ಟೋಬರ್ ೧೯ರಂದು, ಲಾಹೋರಿನಲ್ಲಿ. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಸರ್ ಸಿ. ವಿ. ರಾಮನ್ನರು ಇವರ ಚಿಕ್ಕಪ್ಪಂದಿರು.

ತಾಯಿ ಸೀತಾಲಕ್ಷ್ಮಿಯವರು ಇಬ್ಸೆನ್ನನ ನಾಟಕವೊಂದನ್ನು ತಮಿಳಿಗೆ ತಂದ ವಿದ್ಯಾವತಿ. ಮಗನು ಹೊರಡುವಾಗ ಅವರು ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ಆದರೂ ಹೋಗಲೇಬೇಕೆಂದು ಒತ್ತಾಯಿಸಿದವರು ಅವರೇ. ೧೯೩೧ರಲ್ಲಿ ತೀರಿಕೊಂಡರು. ತಾಯಿ ಮಕ್ಕಳು ಮತ್ತೆ ಮುಖ ನೋಡಲಿಲ್ಲ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದಿರುವ ನಮಗೆ ಈ ಸಂಗತಿಯನ್ನು ಓದಿದಾಗ ಪುಸ್ತಕ ಮುಚ್ಚಿ ತುಸು ಹೊತ್ತು ಸುಮ್ಮನಿರಬೇಕೆನಿಸಿತು.

ಹಡಗಿನಲ್ಲಿ ಚಂದ್ರಶೇಖರರು ಶ್ವೇತಕುಬ್ಜಗಳೆಂಬ ನಕ್ಷತ್ರಗಳ ವಿಚಾರವಾಗಿ ಲೆಕ್ಕ ಹಾಕುತ್ತಿದ್ದರು. ಸೂರ್ಯನಂತಹ ನಕ್ಷತ್ರವು ಇಂಧನ ತೀರಿದ ಮೇಲೆ ಹೊರಪದರಗಳನ್ನು ಕಳಚಿಕೊಳ್ಳುತ್ತದೆ. ಉಳಿದ ತಿರುಳು ಭೂಮಿಯಷ್ಟು ಗಾತ್ರಕ್ಕೆ ಕುಗ್ಗುತ್ತದೆ. ಅದೇ ಶ್ವೇತಕುಬ್ಜ. ನಮ್ಮವರು ಲುಬ್ಧಕವೆನ್ನುವ ಉಜ್ವಲ ತಾರೆಗೆ ಇಂತಹ ಜೊತೆಗಾರನೊಂದಿದೆ. ಎರಡೂ ಸುಮಾರು ೫೦ ವರ್ಷಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ. ಕುಬ್ಜವು ಇನ್ನಷ್ಟು ಕುಸಿಯದಂತೆ ತಡೆಯುವುದು ಅದರೊಳಗೆ ಕಿಕ್ಕಿರಿದ ಎಲೆಕ್ಟ್ರಾನುಗಳ ಒತ್ತಡ. ಆ ಎಲೆಕ್ಟ್ರಾನುಗಳು ಬೆಳಕಿನ ವೇಗವನ್ನೇ ಸಮೀಪಿಸುವುದರಿಂದ ಐನ್‌ಸ್ಟೈನರ ಸಾಪೇಕ್ಷತಾ ತತ್ತ್ವವನ್ನೂ ಗಣನೆಗೆ ತರಬೇಕೆಂದು ತರುಣರಿಗೆ ಹೊಳೆಯಿತು. ಲೆಕ್ಕದ ಫಲ ವಿಚಿತ್ರವಾಗಿತ್ತು. ಕುಬ್ಜದ ದ್ರವ್ಯರಾಶಿಗೆ ಒಂದು ಮಿತಿಯುಂಟು. ಅದನ್ನು ಮೀರಿದರೆ ಆ ಒತ್ತಡ ಸಾಲದು, ನಕ್ಷತ್ರ ಕುಸಿಯಲೇಬೇಕು. ಇಂದು ಒಪ್ಪಿರುವ ಬೆಲೆ ಸೂರ್ಯನ ಸುಮಾರು ೧.೪ರಷ್ಟು.

೧೯೩೫ರ ಜನವರಿ ೧೧ರಂದು ಲಂಡನ್ನಿನ ರಾಯಲ್ ಖಗೋಳ ಸಂಘದಲ್ಲಿ ಅವರು ಇದನ್ನು ಮಂಡಿಸಿದರು. ಬೆನ್ನಲ್ಲೇ ಎದ್ದ ಸರ್ ಆರ್ಥರ್ ಎಡಿಂಗ್ಟನ್ನರು, ನಿಸರ್ಗವು ನಕ್ಷತ್ರಗಳಿಂದ ಇಂತಹ ಹುಚ್ಚಾಟವನ್ನು ಸಹಿಸದೆಂಬ ಧಾಟಿಯಲ್ಲಿ ಮಾತನಾಡಿದರು. ಸಭೆ ನಕ್ಕಿತು. ಅದುವರೆಗೆ ಚಂದ್ರಶೇಖರರ ಕೋಣೆಗೆ ಆಗಾಗ ಬಂದು ಕೆಲಸದ ಪ್ರಗತಿಯನ್ನು ವಿಚಾರಿಸುತ್ತಿದ್ದ ಹಿರಿಯರು ತಮ್ಮ ವಿರೋಧದ ಸುಳಿವನ್ನೇ ಕೊಟ್ಟಿರಲಿಲ್ಲ. ಪೌಲಿಯಂತಹ ಭೌತವಿಜ್ಞಾನಿಗಳು ಖಾಸಗಿಯಾಗಿ ಚಂದ್ರಶೇಖರರ ಪಕ್ಷವೇ ಆಗಿದ್ದರು. ಬಹಿರಂಗವಾಗಿ ಬಾಯಿ ಬಿಡಲಿಲ್ಲ. ಆ ಮೌನವು ನಗುವಿಗಿಂತಲೂ ಕ್ರೂರವಾಗಿತ್ತೆಂದು ನಮ್ಮ ಎಣಿಕೆ.

೧೯೩೭ರಲ್ಲಿ ಅವರು ಪತ್ನಿ ಲಲಿತಾರೊಡನೆ ಅಮೆರಿಕದ ಯರ್ಕ್ಸ್ ವೀಕ್ಷಣಾಲಯವನ್ನು ಸೇರಿದರು. ಶಿಕಾಗೋ ವಿಶ್ವವಿದ್ಯಾಲಯದಲ್ಲಿಯೇ ಕಡೆತನಕ ದುಡಿದರು. ಒಂದು ವಿಷಯವನ್ನು ಹಿಡಿದು, ವರ್ಷಗಟ್ಟಲೆ ಶ್ರಮಿಸಿ, ಗ್ರಂಥವೊಂದನ್ನು ಬರೆದು ಮುಗಿಸಿ, ಅದನ್ನು ಬಿಟ್ಟು ಬೇರೊಂದನ್ನು ಹಿಡಿಯುವುದು ಅವರ ಪದ್ಧತಿ. ನಕ್ಷತ್ರರಚನೆಯ ಗ್ರಂಥ ೧೯೩೯ರಲ್ಲಿ ಬಂದಿತು. ನೊಬೆಲ್ ಪಾರಿತೋಷಕ ದೊರೆತದ್ದು ೧೯೮೩ರಲ್ಲಿ, ೭೩ನೆಯ ವಯಸ್ಸಿಗೆ. ಅದರ ಹಿಂದಿನ ವರ್ಷ ಕೇಂಬ್ರಿಜ್ಜಿನಲ್ಲಿ ಎಡಿಂಗ್ಟನ್ನರ ಜನ್ಮಶತಾಬ್ದಿಯ ಉಪನ್ಯಾಸಗಳನ್ನು ಕೊಟ್ಟವರು ಯಾರು? ಚಂದ್ರಶೇಖರರೇ! ಆ ಕಾಲದ ಖಭೌತವಿಜ್ಞಾನಿಗಳಲ್ಲಿ ಎಡಿಂಗ್ಟನ್ನರೇ ಅಗ್ರಗಣ್ಯರೆಂದು ಅವರು ಮನಸಾರೆ ಕೊಂಡಾಡಿದರು.

ಅವರು ೧೯೯೫ರ ಆಗಸ್ಟ್ ೨೧ರಂದು ಕಾಲವಾದರು. ೧೯೯೯ರ ಜುಲೈ ೨೩ರಂದು ಅಮೆರಿಕದವರು ಕೊಲಂಬಿಯಾ ನೌಕೆಯಲ್ಲಿ ಅಂತರಿಕ್ಷಕ್ಕೆ ಒಯ್ದ ಕ್ಷ-ಕಿರಣ ವೀಕ್ಷಣಾಲಯಕ್ಕೆ ಚಂದ್ರ ಎಂದು ಇವರ ಹೆಸರನ್ನೇ ಇಟ್ಟರು. ವಾಯುಮಂಡಲವು ನಕ್ಷತ್ರಗಳ ಕ್ಷ-ಕಿರಣಗಳನ್ನು ತಡೆಯುವುದರಿಂದ ದೂರದರ್ಶಕವು ಮೇಲಕ್ಕೇ ಹೋಗಬೇಕು. ಶ್ವೇತಕುಬ್ಜವೊಂದು ತೀರ ಸಮೀಪದ ಜೊತೆಗಾರನಿಂದ ಅನಿಲವನ್ನು ಸೆಳೆದುಕೊಂಡರೆ, ಬೀಳುವ ಅನಿಲವು ಕೋಟ್ಯಂತರ ಡಿಗ್ರಿಗಳಷ್ಟು ಕಾದು ಆ ಕಿರಣಗಳನ್ನು ಸೂಸುತ್ತದೆ. ಕುಬ್ಜ ಭಾರವಾದಷ್ಟೂ ಕಾವು ಹೆಚ್ಚು. ಆದ್ದರಿಂದ ಕಿರಣಗಳನ್ನು ಅಳೆದು ಅದರ ದ್ರವ್ಯರಾಶಿಯನ್ನು ಅಂದಾಜು ಮಾಡುವರು, ಹಡಗಿನಲ್ಲಿ ಕಂಡ ಆ ಮಿತಿಗೆ ಅದೆಷ್ಟು ಹತ್ತಿರವಿದೆಯೆಂದು ನೋಡುವರು.

ಲುಬ್ಧಕದ ಜೋಡಿ ಅಷ್ಟು ಸಮೀಪದ್ದಲ್ಲ. ಆದರೂ ಅಲ್ಲಿಯ ಕುಬ್ಜದ ಮೇಲ್ಮೈಯೇ ಸುಮಾರು ೨೫,೦೦೦ ಡಿಗ್ರಿಯಷ್ಟು ಬಿಸಿ. ಬರಿಯ ಬೆಳಕಿನಲ್ಲಿ ಅದು ಲುಬ್ಧಕಕ್ಕಿಂತ ಸುಮಾರು ೧೦,೦೦೦ ಪಟ್ಟು ಮಂಕು. ಚಂದ್ರ ವೀಕ್ಷಣಾಲಯವು ತೆಗೆದ ಕ್ಷ-ಕಿರಣದ ಚಿತ್ರದಲ್ಲಿ ಮಾತ್ರ ಬೆಳಗುತ್ತಿರುವುದು ಆ ಕುಬ್ಜವೇ. ಲುಬ್ಧಕವು ಪಕ್ಕದಲ್ಲಿ ಮಸುಕಾಗಿ ಕಾಣುತ್ತದೆ.