ಸೋರುವ ಟ್ರಾನ್ಸಿಸ್ಟರ್ ಮತ್ತು ಎಡಚ ಜಿಮಿ

ಅನಲಾಗ್ ಲ್ಯಾಬ್‌ನಲ್ಲಿ ನಮಗೆಲ್ಲ ಮೊದಲು ಕಲಿಸೋದು ಒಂದೇ: ಆಂಪ್ಲಿಫೈಯರ್‌ಗೆ ಸೈನ್ ವೇವ್ ಕೊಟ್ರೆ ಹೊರಗೂ ಸೈನ್ ವೇವೇ ಬರಬೇಕು. ಸಿಆರ್‌ಓ ಮೇಲೆ ಅಲೆಯ ತಲೆ ಚಪ್ಪಟೆಯಾಗಿ ಕಂಡ್ರೆ ಮುಗೀತು, ಬಯಾಸ್ ಸರಿ ಮಾಡಿ ಮತ್ತೆ ಮೊದಲಿಂದ ರೀಡಿಂಗ್ ತಗೋಬೇಕು. ನಾವೂ ಎಷ್ಟೋ ಸಲ ತಗೊಂಡಿದ್ದೀವಿ. ಆದರೆ ಆ ಚಪ್ಪಟೆ ತಲೆಯ ಅಲೆಯನ್ನೇ ತನ್ನ ದನಿ ಮಾಡಿಕೊಂಡ ಒಬ್ಬ ಮನುಷ್ಯ ಇದ್ದ. ಅವನೇ ಜಿಮಿ ಹೆಂಡ್ರಿಕ್ಸ್. ಬದುಕಿದ್ದು ಬರೀ 27 ವರ್ಷ.

ಜಿಮಿ ಹುಟ್ಟಿದ್ದು 1942ರ ನವೆಂಬರ್ 27ರಂದು, ಅಮೆರಿಕದ ಸಿಯಾಟಲ್‌ನಲ್ಲಿ. ಆಗ ಅಪ್ಪ ಆಲ್ ಸೈನ್ಯದಲ್ಲಿದ್ದರು. ಮನೆಯಲ್ಲಿ ದುಡ್ಡಿಲ್ಲ, ಅಪ್ಪ ಅಮ್ಮನಿಗೆ ಹೊಂದಾಣಿಕೆ ಇಲ್ಲ. ಹುಡುಗ ಅವರ ಮನೆ ಇವರ ಮನೆ ಅಂತ ಬೆಳೆದ. ಶಾಲೆಯಲ್ಲಿದ್ದಾಗ ಪೊರಕೆಯನ್ನೇ ಗಿಟಾರ್ ಅಂದುಕೊಂಡು ಬಾರಿಸ್ತಿದ್ದ. ಅಪ್ಪನ ಜೊತೆ ಹಳೇ ಸಾಮಾನು ಖಾಲಿ ಮಾಡೋ ಕೆಲಸಕ್ಕೆ ಹೋದಾಗ ಕಸದಲ್ಲಿ ಒಂದೇ ತಂತಿ ಉಳಿದಿದ್ದ ಯುಕುಲೇಲೆ ಸಿಕ್ಕಿತು. ಆ ಒಂದು ತಂತಿ ಮೇಲೇ ರೇಡಿಯೋ ಹಾಡುಗಳನ್ನು ಕೇಳಿ ಕೇಳಿ ನುಡಿಸಿದ. 1958ರಲ್ಲಿ ಅಮ್ಮ ಲೂಸಿಲ್ ತೀರಿಕೊಂಡರು. ಅದೇ ವರ್ಷ 5 ಡಾಲರ್‌ಗೆ ಒಂದು ಹಳೇ ಗಿಟಾರ್ ಕೈಗೆ ಬಂತು. ಜಿಮಿ ಎಡಚ, ಗಿಟಾರ್ ಬಲಗೈಯವರದು. ತಲೆಕೆಳಗು ಮಾಡಿ, ತಂತಿಗಳನ್ನು ಬಿಚ್ಚಿ ಉಲ್ಟಾ ಕಟ್ಟಿಕೊಂಡ. ಮುಂದೆ ಎಷ್ಟೇ ಹೆಸರು ಬಂದರೂ ಹೆಚ್ಚಾಗಿ ಹಾಗೇ ನುಡಿಸಿದ.

ನಮ್ಮ ವಯಸ್ಸಿಗೆ, ಅಂದರೆ 19 ತುಂಬಿದಾಗ, ಅವನು ಎಲ್ಲಿದ್ದ ಗೊತ್ತಾ? ಸೈನ್ಯದಲ್ಲಿ. ಕದ್ದ ಕಾರುಗಳಲ್ಲಿ ಓಡಾಡಿ ಪೊಲೀಸರ ಕೈಗೆ ಸಿಕ್ಕಿಬಿದ್ದಿದ್ದ. ಜೈಲು ಬೇಡ ಅಂದರೆ ಸೈನ್ಯ ಅನ್ನೋ ಸ್ಥಿತಿ. 1961ರಲ್ಲಿ ಸೇರಿ, ಕೆಂಟಕಿಯ ಫೋರ್ಟ್ ಕ್ಯಾಂಪ್‌ಬೆಲ್‌ನಲ್ಲಿ 101ನೇ ಏರ್‌ಬಾರ್ನ್ ಡಿವಿಜನ್‌ನ ಪ್ಯಾರಾಟ್ರೂಪರ್ ಆದ. ಆದರೆ ಮನಸ್ಸೆಲ್ಲ ಗಿಟಾರ್ ಮೇಲೆ. ಮನೆಯಿಂದ ಗಿಟಾರ್ ತರಿಸಿಕೊಂಡ, ಅಲ್ಲೇ ಬಿಲ್ಲಿ ಕಾಕ್ಸ್ ಅನ್ನೋ ಬೇಸ್ ವಾದಕನ ಸ್ನೇಹ ಮಾಡಿಕೊಂಡ. ಡ್ಯೂಟಿ ಮೇಲೆ ಗಮನವೇ ಇಲ್ಲ ಅಂತ ಮೇಲಿನವರು ಬರೆದಿಟ್ಟರು. 1962ರಲ್ಲಿ ಸೈನ್ಯ ಅವನನ್ನು ಬಿಟ್ಟು ಕಳಿಸಿತು.

ಆಮೇಲೆ ನಾಲ್ಕು ವರ್ಷ ಬೇರೆಯವರ ಹಿಂದೆ ನಿಂತು ನುಡಿಸಿದ್ದೇ ಆಯ್ತು. ಐಸ್ಲಿ ಬ್ರದರ್ಸ್, ಲಿಟಲ್ ರಿಚರ್ಡ್ ಇವರ ಬ್ಯಾಂಡ್‌ಗಳಲ್ಲಿದ್ದ. 1966ರಲ್ಲಿ ನ್ಯೂಯಾರ್ಕಿನ ಒಂದು ಸಣ್ಣ ಕ್ಲಬ್‌ನಲ್ಲಿ ಅವನನ್ನು ಕೇಳಿದ ಚಾಸ್ ಚಾಂಡ್ಲರ್, ಆ ಸೆಪ್ಟೆಂಬರ್‌ನಲ್ಲೇ ಲಂಡನ್‌ಗೆ ಕರೆದುಕೊಂಡು ಹೋದರು. ಅಲ್ಲಿ ಮಿಚ್ ಮಿಚೆಲ್, ನೋಯೆಲ್ ರೆಡ್ಡಿಂಗ್ ಜೊತೆ ಸೇರಿ ಜಿಮಿ ಹೆಂಡ್ರಿಕ್ಸ್ ಎಕ್ಸ್‌ಪೀರಿಯೆನ್ಸ್ ಶುರುವಾಯಿತು.

ಅದೇ ವರ್ಷ ಲಂಡನ್ನಿನ ಐವರ್ ಆರ್ಬಿಟರ್ ಅವರ ಕಂಪನಿ ಒಂದು ದುಂಡನೆಯ ಪೆಡಲ್ ಮಾರುಕಟ್ಟೆಗೆ ಬಿಟ್ಟಿತು. ಹೆಸರು ಫಜ್ ಫೇಸ್. ಎರಡು ನಾಬ್ ಎರಡು ಕಣ್ಣಿನ ಹಾಗೆ, ನೋಡಿದರೆ ನಗೋ ಮುಖ. ಒಳಗೆ ಇದ್ದಿದ್ದು ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಎರಡು ಪಾಟ್. ಒಟ್ಟು 11 ಬಿಡಿಭಾಗ, ಜೊತೆಗೆ 9 ವೋಲ್ಟ್ ಬ್ಯಾಟರಿ. ನಮ್ಮ ಮಿನಿ ಪ್ರಾಜೆಕ್ಟ್‌ಗೆ ಇಷ್ಟನ್ನೇ ತೋರಿಸಿದರೆ ಸಾಲದು ಅಂತಾರೆ!

ಆ ಟ್ರಾನ್ಸಿಸ್ಟರ್‌ಗಳು ಜರ್ಮೇನಿಯಂನವು. ಜರ್ಮೇನಿಯಂನ ಬ್ಯಾಂಡ್ ಗ್ಯಾಪ್ ಸುಮಾರು 0.66 ಎಲೆಕ್ಟ್ರಾನ್ ವೋಲ್ಟ್, ಸಿಲಿಕಾನ್‌ದು 1.1. ಗ್ಯಾಪ್ ಚಿಕ್ಕದಾದ್ದರಿಂದ ಬೇಸ್‌ಗೆ 0.2, 0.3 ವೋಲ್ಟ್ ಸಿಕ್ಕರೆ ಸಾಕು, ಟ್ರಾನ್ಸಿಸ್ಟರ್ ಆನ್. ಅದೇ ಕಾರಣಕ್ಕೆ ಕರೆಂಟ್ ಸೋರಿಕೆಯೂ ಜಾಸ್ತಿ. ಶಾಖ 10 ಡಿಗ್ರಿ ಏರಿದರೆ ಸೋರಿಕೆ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತೆ, ಬಯಾಸ್ ಜಾರುತ್ತೆ, ಸೌಂಡ್ ಬದಲಾಗುತ್ತೆ. ಒಂದೇ ನಂಬರಿನ ಎರಡು ಟ್ರಾನ್ಸಿಸ್ಟರ್ ತಗೊಂಡ್ರೂ ಗೇನ್ ಬೇರೆ ಬೇರೆ. ಹೆಚ್ಚಿನ ಫ್ರೀಕ್ವೆನ್ಸಿಗಳನ್ನೂ ಪೂರ್ತಿ ದಾಟಿಸಲ್ಲ, ಹಾಗಾಗಿ ಕ್ಲಿಪ್ ಆದ ಅಲೆಯ ಚೂಪು ಅಂಚು ಸ್ವಲ್ಪ ಸವೆದು ಕಿವಿಗೆ ಮೆತ್ತಗೆ ಕೇಳುತ್ತೆ. ಡೇಟಾಶೀಟ್ ಓದೋ ಇಂಜಿನಿಯರ್‌ಗೆ ಇದೆಲ್ಲ ದೋಷ. ಜಿಮಿಗೆ ಡೇಟಾಶೀಟ್ ಬೇಕಿರಲಿಲ್ಲ, ಕಿವಿ ಇತ್ತು.

ಪೆಡಲ್‌ನಿಂದ ಪೆಡಲ್‌ಗೆ ಸೌಂಡ್ ಬೇರೆಯಾದ್ದರಿಂದ ಹಲವನ್ನು ನುಡಿಸಿ ನೋಡಿ, ಚೆನ್ನಾಗಿದ್ದನ್ನು ಇಟ್ಟುಕೊಳ್ಳುತ್ತಿದ್ದ. ಬ್ರಿಟಿಷ್ ನೌಕಾಪಡೆಗೆ ಸದ್ದಿನ ಸಂಶೋಧನೆ ಮಾಡುತ್ತಿದ್ದ ರೋಜರ್ ಮೇಯರ್ ಅನ್ನೋ ಇಂಜಿನಿಯರ್ ಅವನಿಗೆ ಜೊತೆಯಾದರು, ಪೆಡಲ್‌ಗಳನ್ನು ಬಿಚ್ಚಿ ಅವನಿಗೆ ಬೇಕಾದ ಹಾಗೆ ಟ್ಯೂನ್ ಮಾಡಿಕೊಟ್ಟರು. ಇನ್ನೊಂದು ಗುಟ್ಟು ಇನ್‌ಪುಟ್ ಇಂಪೀಡೆನ್ಸ್‌ನಲ್ಲಿದೆ. ಫಜ್ ಫೇಸ್‌ದು ತುಂಬಾ ಕಡಿಮೆ, ಹಾಗಾಗಿ ಗಿಟಾರ್‌ನ ಪಿಕಪ್ಪೇ ಸರ್ಕಿಟ್‌ನ ಭಾಗವಾಗಿಬಿಡುತ್ತೆ. ಗಿಟಾರ್‌ನ ವಾಲ್ಯೂಮ್ ನಾಬ್ ಸ್ವಲ್ಪ ತಿರುಗಿಸಿದರೆ ಗುಡುಗುತ್ತಿದ್ದ ಸೌಂಡ್ ತಿಳಿಯಾಗಿ ಗಂಟೆಯ ಹಾಗೆ ಕೇಳುತ್ತೆ. ಪೆಡಲ್ ಆಫ್ ಮಾಡೋದೇ ಬೇಡ. ಜಿಮಿ ಒಂದೇ ಹಾಡಿನಲ್ಲಿ ಪಿಸುಮಾತಿಗೂ ಅಬ್ಬರಕ್ಕೂ ಹೋಗಿಬರುತ್ತಿದ್ದುದರಲ್ಲಿ ಈ ನಾಬ್‌ನ ಪಾಲೂ ಇದೆ.

1967ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೇಯಲ್ಲಿ ವೇದಿಕೆ ಮೇಲೇ ಗಿಟಾರ್‌ಗೆ ಬೆಂಕಿ ಇಟ್ಟ. ಅಮೆರಿಕ ತನ್ನ ಹುಡುಗನನ್ನು ಕೊನೆಗೂ ಗುರುತಿಸಿತು. ಅಷ್ಟರಲ್ಲಿ ಕಾಲ ಸಿಲಿಕಾನ್ ಕಡೆ ಹೊರಟಿತ್ತು. 1968ರ ಸುಮಾರಿಗೆ ಫಜ್ ಫೇಸ್ ಒಳಗೂ ಸಿಲಿಕಾನ್ ಬಂತು. ಗೇನ್ ಜಾಸ್ತಿ, ಬಿಸಿಗೆ ಅಷ್ಟು ಹೆದರಲ್ಲ, ಸೌಂಡ್ ಚೂಪು. ಜಿಮಿಯೂ ಬದಲಾದ. ಜರ್ಮೇನಿಯಂ ಇದ್ದರೇನೇ ಜಿಮಿ ಸೌಂಡ್ ಅನ್ನೋರು ಇಲ್ಲಿ ಸ್ವಲ್ಪ ನಿಲ್ಲಬೇಕು. ಟ್ರಾನ್ಸಿಸ್ಟರ್ ಬದಲಾದರೂ ಕೇಳಿದ ತಕ್ಷಣ ಅವನೇ ಅಂತ ಗೊತ್ತಾಗುತ್ತೆ.

1969ರ ಆಗಸ್ಟ್ 18, ಸೋಮವಾರ ಬೆಳಿಗ್ಗೆ, ವುಡ್‌ಸ್ಟಾಕ್. ಭಾನುವಾರ ರಾತ್ರಿಯೇ ಮುಗಿಯಬೇಕಿದ್ದ ಕಾರ್ಯಕ್ರಮ ತಡವಾಗಿ, ಲಕ್ಷಗಟ್ಟಲೆ ಜನರಲ್ಲಿ ಬಹುಪಾಲು ಹೊರಟುಹೋಗಿದ್ದರು. ಬೇಸ್ ಹಿಡಿದು ಪಕ್ಕದಲ್ಲಿ ನಿಂತಿದ್ದವನು ಅದೇ ಸೈನ್ಯದ ಗೆಳೆಯ ಬಿಲ್ಲಿ ಕಾಕ್ಸ್. ಜಿಮಿ ತನ್ನ ದೇಶದ ರಾಷ್ಟ್ರಗೀತೆಯನ್ನು ಹಾಡದೆ, ಗಿಟಾರ್‌ನಲ್ಲೇ ನುಡಿಸಿದ. ಮಧ್ಯೆ ಮಧ್ಯೆ ಸ್ವರ ಒಡೆದು ಬಾಂಬ್ ಬಿದ್ದ ಹಾಗೆ, ಸೈರನ್ ಕೂಗಿದ ಹಾಗೆ ಕೇಳಿಸಿತು. ಆಗ ವಿಯೆಟ್ನಾಂ ಯುದ್ಧ ನಡೀತಿತ್ತು. ಅವನಿದ್ದ 101ನೇ ಡಿವಿಜನ್ ಆ ಹೊತ್ತಲ್ಲೂ ಅಲ್ಲೇ ಹೋರಾಡ್ತಿತ್ತು. ಅವನು ಸೈನ್ಯದಲ್ಲೇ ಉಳಿದಿದ್ದರೆ ಎಲ್ಲಿರುತ್ತಿದ್ದನೋ. ಆ ಬೆಳಿಗ್ಗೆ ಅಷ್ಟು ಹೇಳೋಕೆ ನೆಟ್ಟಗಿರೋ ಸೈನ್ ವೇವ್ ಸಾಕಾಗುತ್ತಿರಲಿಲ್ಲ ಅನ್ನಿಸುತ್ತೆ ನಮಗೆ.

ಮುಂದಿನ ವರ್ಷ ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ತನ್ನದೇ ಸ್ಟುಡಿಯೋ, ಎಲೆಕ್ಟ್ರಿಕ್ ಲೇಡಿ, ಶುರು ಮಾಡಿದ. ಅಲ್ಲಿ ಹೆಚ್ಚು ದಿನ ಕೆಲಸ ಮಾಡೋಕೆ ಆಗಲಿಲ್ಲ. 1970ರ ಸೆಪ್ಟೆಂಬರ್ 18ರಂದು ಲಂಡನ್ನಿನಲ್ಲಿ ನಿದ್ದೆ ಮಾತ್ರೆ ಅತಿಯಾಗಿ ತೀರಿಕೊಂಡ. ಎಕ್ಸ್‌ಪೀರಿಯೆನ್ಸ್ ಶುರುವಾಗಿ ನಾಲ್ಕು ವರ್ಷವೂ ತುಂಬಿರಲಿಲ್ಲ.

ನಮ್ಮಲ್ಲಿ ಯಾರಿಗಾದರೂ ಹಳೇ ರೇಡಿಯೋದಿಂದ ಎಸಿ128 ಟ್ರಾನ್ಸಿಸ್ಟರ್ ಸಿಕ್ಕರೆ ಎಸೀಬೇಡಿ. ಬ್ರೆಡ್‌ಬೋರ್ಡ್ ಮೇಲೆ ಆ 11 ಭಾಗ ಜೋಡಿಸಿ, ಒಂದು ಗಿಟಾರ್ ಹಚ್ಚಿ ನೋಡಿ. ಪಿಎನ್‌ಪಿ ಅನ್ನೋದು ನೆನಪಿರಲಿ, ಬ್ಯಾಟರಿಯ ಪ್ಲಸ್ ಗ್ರೌಂಡ್‌ಗೆ ಹೋಗಬೇಕು. ಸಿಆರ್‌ಓನಲ್ಲಿ ಅಲೆ ಚಪ್ಪಟೆ ಕಾಣುತ್ತೆ. ಆ ಒಂದು ಸಲ ಸರಿ ಮಾಡೋಕೆ ಹೋಗಬೇಡಿ, ಕೇಳಿ.