ರಗ್ಬಿಯ ಮುಖ್ಯೋಪಾಧ್ಯಾಯರು

ಥಾಮಸ್ ಆರ್ನಾಲ್ಡರು 1828ರಲ್ಲಿ ಇಂಗ್ಲೆಂಡಿನ ರಗ್ಬಿ ಶಾಲೆಯ ಮುಖ್ಯೋಪಾಧ್ಯಾಯರಾದಾಗ ಅವರಿಗೆ 33 ವರ್ಷ. ಅಂದಿನ ವಸತಿಶಾಲೆಗಳಲ್ಲಿ ಕುಡಿತ, ಸುಳ್ಳು, ಕಿರಿಯರ ಮೇಲೆ ಹಿರಿಯರ ದಬ್ಬಾಳಿಕೆ ಸಾಮಾನ್ಯವಾಗಿದ್ದುವು. ಆರ್ನಾಲ್ಡರು ಮೇಲಿನ ತರಗತಿಯ ಹುಡುಗರಿಗೇ ಶಿಸ್ತಿನ ಹೊಣೆಯನ್ನು ಹೆಚ್ಚಾಗಿ ವಹಿಸಿದರು. ಅವರ ಮಾತನ್ನು ಸಾಕ್ಷಿ ಕೇಳದೆ ನಂಬಿದರು. ನಂಬಿದವರ ಮುಂದೆ ಸುಳ್ಳಾಡಲು ಹುಡುಗರು ನಾಚಿದರು. ತಿದ್ದಲಾಗದವರನ್ನು ಶಾಲೆಯಿಂದ ಹೊರಹಾಕಲೂ ಅವರು ಹಿಂಜರಿಯಲಿಲ್ಲ.

ಬೆತ್ತವನ್ನು ಅವರು ಪೂರ್ತಿಯಾಗಿ ಬಿಟ್ಟರೆಂದು ನಾವು ಹೇಳಲಾರೆವು. ಒಮ್ಮೆ ಬಾಲಕನೊಬ್ಬನು ಸುಳ್ಳಾಡಿದನೆಂದು ಕೆರಳಿ 18 ಏಟು ಹೊಡೆದರು. ಅವನು ನುಡಿದದ್ದು ನಿಜವೆಂದು ಆಮೇಲೆ ತಿಳಿಯಿತು. ಆರ್ನಾಲ್ಡರು ಇಡೀ ಶಾಲೆಯ ಎದುರಿನಲ್ಲೇ ಕ್ಷಮೆ ಬೇಡಿದರು. ಮೇಲಿನ ಪೀಠದಲ್ಲಿ ಕುಳಿತವರು ಹೀಗೆ ತಪ್ಪೊಪ್ಪಿದ್ದನ್ನು ನಾವು ಎಷ್ಟು ಬಾರಿ ಕಂಡಿದ್ದೇವೆ?

1842ರ ಜೂನ್ 12ರಂದು, 47 ತುಂಬಲು ಒಂದೇ ದಿನವಿರುವಾಗ, ಅದೇ ಹುದ್ದೆಯಲ್ಲಿದ್ದಂತೆಯೇ ಹೃದ್ರೋಗದಿಂದ ತೀರಿಕೊಂಡರು. ಶಾಲೆಯ ಪ್ರಾರ್ಥನಾಮಂದಿರದಲ್ಲಿ ಅವರ ಸಮಾಧಿಯಿದೆ.